ಚಿಗವ್ವನ ಲ್ಯಾಪ್‌ಟಾಪ್ ಸ್ವಚ್ಛ ಮಾಡಿದ್ದು

ನಮ್ಮ ಬಳಗದಲ್ಲಿ ನನಗೊಂದು ಬಿರುದು ಇತ್ತು: ಕಂಪ್ಯೂಟರ್ ಡಾಕ್ಟ್ರು. ಓದಿ ಪಡೆದದ್ದಲ್ಲ, ಅವರಾಗಿಯೇ ಕೊಟ್ಟದ್ದು. ಕೊಟ್ಟ ಮೇಲೆ ನಾನೂ ಬೇಡವೆನ್ನಲಿಲ್ಲ. ರಾಯಚೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಸಹಾಯಕ. ಬೆಳಿಗ್ಗೆ ಬೀಗ ತೆಗೆದು ಮೌಸುಗಳನ್ನು ಎಣಿಸುವುದು, ಪರೀಕ್ಷೆಯ ನಡುವೆ ಕರೆಂಟು ಹೋದರೆ ನಾನೇ ಹೊರಗೆ ಕಳಿಸಿದೆನೇನೋ ಎಂಬಂತೆ ಬೈಸಿಕೊಳ್ಳುವುದು, ಸಂಜೆ ಮತ್ತೆ ಮೌಸು ಎಣಿಸಿ ಬೀಗ ಹಾಕುವುದು, ಇಷ್ಟೇ ನನ್ನ ಡಾಕ್ಟರಿಕೆ. ಆದರೆ ಮದುವೆ ಮನೆಯಲ್ಲಿ ಯಾರಾದರೂ ತಮ್ಮ ಕಂಪ್ಯೂಟರು ಬಹಳ ನಿಧಾನವಾಗಿದೆ ಅಂದರೆ ಸಾಕು, ನಾನು ಎಲೆಯ ಮೇಲಿನ ಹೋಳಿಗೆಯನ್ನೂ ಮರೆತು ಅದರ ನಾಡಿ ಹಿಡಿಯಲು ಕೂರುತ್ತಿದ್ದೆ.

ನನ್ನ ಔಷಧ ಒಂದೇ. ಕಂಪ್ಯೂಟರನ್ನು ಸ್ವಚ್ಛ ಮಾಡಿ ಚುರುಕುಗೊಳಿಸುತ್ತೇನೆಂದು ಹೇಳುವ ಒಂದು ಸಾಫ್ಟ್‌ವೇರು. ಅದನ್ನು ದುಡ್ಡು ಕೊಟ್ಟೇ ಕೊಂಡಿದ್ದೆ, ಪೆನ್ ಡ್ರೈವಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಭಾನುವಾರ ಬಂದರೆ ಬಸ್ಸು ಹತ್ತಿ ಒಂದು ದಿನ ದೇವದುರ್ಗ, ಒಂದು ದಿನ ಮಾನ್ವಿ. ಹೋದ ಮನೆಯಲ್ಲಿ ಚಹಾ ಬರುವುದರೊಳಗೆ ಪೆನ್ ಡ್ರೈವು ಚುಚ್ಚಿ 'ಸ್ಕ್ಯಾನ್' ಒತ್ತುತ್ತಿದ್ದೆ. ಪರದೆಯ ಮೇಲೆ ಒಂದು ಅಂಕಿ ಏರತೊಡಗುತ್ತಿತ್ತು, ಅದೂ ಕೆಂಪು ಬಣ್ಣದಲ್ಲಿ. ನೂರು ದೋಷ, ಐನೂರು ದೋಷ, ಸಾವಿರ ದಾಟಿದ ಮೇಲೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಇಷ್ಟೊಂದು ದೋಷ ಇಟ್ಟುಕೊಂಡು ಇಷ್ಟು ದಿನ ಹೇಗೆ ಬಾಳಿದೆವು ಎಂಬ ಗಾಬರಿ. ಆಗ ನಾನು ಗಂಭೀರವಾಗಿ 'ಎಲ್ಲ ಸರಿಪಡಿಸು' ಅನ್ನುವ ಗುಂಡಿ ಒತ್ತುತ್ತಿದ್ದೆ. ಅಂಕಿ ಇಳಿದು ಇಳಿದು ಸೊನ್ನೆಗೆ ಬಂದು, ಪರದೆ ಹಸಿರಾಗಿ, ನಿಮ್ಮ ಕಂಪ್ಯೂಟರು ಆರೋಗ್ಯವಾಗಿದೆ ಎಂದು ಬರುತ್ತಿತ್ತು. ಆ ಹಸಿರು ನೋಡಿದಾಗ ಆಗುವ ಸುಖ ನನಗೆ ಸಂಬಳದ ದಿನವೂ ಆಗಿದ್ದಿಲ್ಲ.

ಇದರ ಜೊತೆಗೆ ಡಿಸ್ಕ್ ಜೋಡಿಸುವ ಕೆಲಸ ಬೇರೆ. ಹಳೆಯ ಡಿಸ್ಕಿನಲ್ಲಿ ಫೈಲುಗಳು ಚೂರುಚೂರಾಗಿ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತವೆ, ಅವನ್ನು ಒಂದೆಡೆ ಸಾಲಾಗಿ ಕೂಡಿಸುವುದು. ಪರದೆಯಲ್ಲಿ ಪುಟ್ಟ ಪುಟ್ಟ ಬಣ್ಣದ ಚೌಕಗಳು ಒಂದೊಂದಾಗಿ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದವು. ಅದನ್ನು ನೋಡುತ್ತ ಒಂದು ತಾಸು ಸುಮ್ಮನೆ ಕೂತ ದಿನಗಳಿವೆ. ಹೆಂಡತಿ ಮನೆಯ ಕಪಾಟು ಜೋಡಿಸಿಕೊಡಿ ಅಂದರೆ ನನಗೆ ಬೆನ್ನು ನೋವು.

ಇಷ್ಟೆಲ್ಲ ಮಾಡಿದ ಮೇಲೆ ಕಂಪ್ಯೂಟರು ನಿಜಕ್ಕೂ ಚುರುಕಾಗುತ್ತಿತ್ತೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ನಾನು ಒಮ್ಮೆಯೂ ಗಡಿಯಾರ ಇಟ್ಟು ನೋಡಲಿಲ್ಲ. ಕೆಲಸ ಮುಗಿದ ಕೂಡಲೇ ನಾನೇ ಮೊದಲು, ನೋಡಿ ಈಗ ಹೇಗೆ ಓಡುತ್ತಿದೆ ಅನ್ನುತ್ತಿದ್ದೆ. ಅವರೂ ಹೌದು ಹೌದು ಅನ್ನುತ್ತಿದ್ದರು. ಊಟಕ್ಕೆ ಕೂರಿಸಿಕೊಂಡ ನೆಂಟನಿಗೆ ಇಲ್ಲ ಅನ್ನುವ ರೂಢಿ ನಮ್ಮ ಕಡೆ ಇಲ್ಲ.

ಒಂದು ಸಲ ಮಾನ್ವಿಯಲ್ಲಿ ಎಡವಿದ್ದೆ. ಅಲ್ಲಿ ನಮ್ಮ ಅಕ್ಕನ ಗಂಡ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಗಿರಣಿಯ ಬಾಗಿಲಲ್ಲಿ ಭತ್ತದ ಗಾಡಿ ತೂಗುವ ಕಾಟಾ, ಅದಕ್ಕೊಂದು ಹಳೇ ಕಂಪ್ಯೂಟರು. ಅದರ ಕೆಲಸ ಒಂದೇ, ತೂಕದ ಚೀಟಿ ಮುದ್ರಿಸುವುದು. ಪಾಪ, ತನ್ನ ಪಾಡಿಗೆ ತಾನು ಅದನ್ನು ಮಾಡಿಕೊಂಡಿತ್ತು. ನಾನು ಹೋಗಿ ಅದನ್ನೂ ಹಸಿರು ಮಾಡಿ ಬಂದೆ. ಮರುದಿನ ಬೆಳಿಗ್ಗೆ ಭಾವನ ಫೋನು. ತೂಕದ ಪ್ರೋಗ್ರಾಮ್ ಏಳುತ್ತಲೇ ಇಲ್ಲವಂತೆ, ಟ್ರ್ಯಾಕ್ಟರುಗಳು ಸಾಲುಗಟ್ಟಿ ರಸ್ತೆಯವರೆಗೂ ನಿಂತಿವೆಯಂತೆ. ನನ್ನ ಸಾಫ್ಟ್‌ವೇರು ಅದಕ್ಕೆ ಬೇಕಾದ ಯಾವುದೋ ಒಂದನ್ನು ಬೇಡವಾದದ್ದೆಂದು ತಿಳಿದು ಕಿತ್ತು ಹಾಕಿತ್ತು. ನಾನು ತಕ್ಷಣ, ಅದು ಹಳೇ ಪ್ರೋಗ್ರಾಮು, ಅದರದೇ ತಪ್ಪು ಅಂದೆ. ಭಾವ ಬಹಳ ಮರ್ಯಾದಸ್ತರು, ದನಿ ಏರಿಸಲಿಲ್ಲ.

"ಹಳೇದು ಖರೇ. ನೀವು ಬರೂ ಮುಂಚೆ ನಡೀತಿತ್ತಲ್ರೀ" ಅಂದರು, ಅಷ್ಟೇ.

ಈ ಮಾತು ಮಾನ್ವಿಯಿಂದ ರಾಯಚೂರಿನವರೆಗೆ ಬಂದರೂ ನನ್ನ ತಲೆಯವರೆಗೆ ಬರಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ನನಗೆ ಚಿಕ್ಕಂದಿನಿಂದಲೂ ಆಗಿಬರುವುದಿಲ್ಲ. ಮುಂದಿನ ಭಾನುವಾರ ದೇವದುರ್ಗದ ಬಸ್ಸಿನಲ್ಲಿ ಮತ್ತೆ ಜೇಬು ಮುಟ್ಟಿ ನೋಡಿಕೊಂಡು ಕೂತಿದ್ದೆ.

ದೇವದುರ್ಗದಲ್ಲಿ ಇರುವವಳು ಚಿಗವ್ವ, ನಮ್ಮ ತಾಯಿಯ ತಂಗಿ. ನಮ್ಮ ಮನೆತನದಲ್ಲಿ ಬೇರೆಯವರ ಹೊಲದಲ್ಲಿ ಕೂಲಿ ಮಾಡುವುದನ್ನು ಬಿಟ್ಟು ಸರಕಾರಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ ಮೊದಲನೆಯವಳು. ಮಸರಕಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಶುರು ಮಾಡಿ, ನಡುವೆ ಕೆಲವು ವರ್ಷ ಅದೇ ತಾಲೂಕಿನ ಜಾಲಹಳ್ಳಿಗೆ ಹೋಗಿ, ಮತ್ತೆ ಮಸರಕಲ್ಲಿಗೇ ಬಂದವಳು. ಎಲ್ಲಿ ಹೋದರೂ ಒಂದನೇ ತರಗತಿಯನ್ನೇ ಕೇಳಿ ಪಡೆಯುತ್ತಿದ್ದಳು. ಬೇರೆ ಮಾಸ್ತರರಿಗೆ ಇದು ಪರಮ ಸಂತೋಷ. ಮೂಗು ಒರೆಸಿ, ಚಡ್ಡಿ ಏರಿಸಿ, ಅವ್ವಾ ಎಂದು ಅಳುವವರನ್ನು ಕೂಡಿಸಿಕೊಂಡು ಕೂರುವ ಕೆಲಸ ಯಾರಿಗೆ ಬೇಕು?

ಚಿಗವ್ವನಿಗೆ ಅಲ್ಲೊಂದು ಅಭ್ಯಾಸ ಇತ್ತು. ಹೊಸದಾಗಿ ಸೇರಿದ ಮಗು ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟು ಆಡಿದ ಮೊದಲ ಮಾತನ್ನು ಬರೆದಿಡುವುದು. ಕೇಳಿದ್ದಕ್ಕೆ ಕೊಟ್ಟ ಉತ್ತರ ಲೆಕ್ಕಕ್ಕಿಲ್ಲ, ಹಾಜರಿ ಅಂದದ್ದೂ ಇಲ್ಲ. ತಾನಾಗಿ ಆಡಬೇಕು. ಕೆಲವರು ಮೊದಲ ದಿನವೇ ಆಡುತ್ತಿದ್ದರು, ಕೆಲವರಿಗೆ ದಸರಾ ಬರಬೇಕಾಗುತ್ತಿತ್ತು. ವರ್ಷಕ್ಕೊಂದು ಸಣ್ಣ ನೋಟ್‌ಬುಕ್ಕು, ಅದರಲ್ಲಿ ಹೆಸರು, ಹೆಸರಿನ ಮುಂದೆ ಮಾತು. ನಾನು ಓದಿದ ಕೆಲವು ಇನ್ನೂ ನೆನಪಿವೆ. "ಟೀಚರ್, ನಿಮ್ಮ ಸೀರಿಗೆ ಸುಣ್ಣ ಹತ್ಯದ." "ನಮ್ಮ ಎಮ್ಮಿ ಕರ ಹಾಕ್ಯದ, ನಾ ಹೋಗಬೇಕ್ರಿ." "ಈ ಸಾಲಿಗೆ ಬಾಗಲಾ ಎಷ್ಟು?" ಈ ಕೊನೆಯದನ್ನು ಕೇಳಿದವನು ಆ ವರ್ಷವಿಡೀ ಶಾಲೆಯ ಎರಡೂ ಬಾಗಿಲಿನಿಂದ ಓಡಿ ಹೋಗಿದ್ದನಂತೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಚಿಗವ್ವ ಒಂದು ಯೋಚನೆ ಮಾಡಿದಳು. ಈ ಮಾತುಗಳನ್ನೆಲ್ಲ ಚೆಂದಾಗಿ ಟೈಪು ಮಾಡಿ, ಬೀಳ್ಕೊಡುವ ದಿನ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಅವರವರ ಮಾತಿನ ಚೀಟಿಯನ್ನು ಅವರವರ ಕೈಗೆ ಕೊಡುವುದು. ಸಾಮಾನ್ಯವಾಗಿ ಆ ದಿನ ಮಾಸ್ತರರಿಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ, ಇವಳಿಗೆ ತಾನೇ ಏನಾದರೂ ಕೊಡಬೇಕು ಅಂತ. ನಾನು ದೊಡ್ಡ ಮನಸ್ಸು ಮಾಡಿ, ಹೊಸತು ಕೊಂಡ ಮೇಲೆ ಮನೆಯಲ್ಲಿ ಬಿದ್ದಿದ್ದ ನನ್ನ ಹಳೇ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟೆ. ಒಂದು ಭಾನುವಾರ ಕೂತು ಕನ್ನಡ ಟೈಪು ಮಾಡುವುದನ್ನು ಕಲಿಸಿದೆ. ಹೊರಡುವಾಗ ಇನ್ನೊಂದು ಉಪದೇಶವನ್ನೂ ಮಾಡಿದೆ: ಟೈಪು ಮಾಡಿದ ಮೇಲೆ ಈ ನೋಟ್‌ಬುಕ್ಕು ಯಾಕೆ, ಗೆದ್ದಲಿಗೆ ಊಟ, ರದ್ದಿಗೆ ಹಾಕು. ಚಿಗವ್ವ ನನ್ನ ಮಾತು ಕೇಳಿದಳು. ಒಂದೊಂದು ವರ್ಷದ್ದು ಟೈಪಾದಂತೆ ಆ ನೋಟ್‌ಬುಕ್ಕು ರದ್ದಿಗೆ ಹೋಯಿತು.

ಅವಳು ಟೈಪು ಮಾಡುತ್ತಿದ್ದದ್ದು ಅಡುಗೆಮನೆಯಲ್ಲಿ. ಶಾಲೆಯಿಂದ ಬಂದು, ಒಲೆಯ ಮೇಲೆ ಬೇಳೆ ಇಟ್ಟು, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ. ವರ್ಷಕ್ಕೊಂದು ಫೈಲು. ಮೂವತ್ತಕ್ಕೂ ಹೆಚ್ಚು ವರ್ಷ. ನನಗೆ ಅವಳ ತಾಳ್ಮೆ ಕಂಡರೆ ಸಿಟ್ಟೇ ಬರುತ್ತಿತ್ತು.

ಆ ಭಾನುವಾರ ನಾನು ಹೋದಾಗ ಬೀಳ್ಕೊಡುವ ದಿನಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ವಾಟ್ಸ್ಯಾಪಿನಲ್ಲಿ ಸುದ್ದಿ ಹೋಗಿತ್ತು, ಬನ್ನಿ, ನಿಮಗೆ ಕೊಡುವುದೊಂದು ನನ್ನ ಹತ್ತಿರ ಇದೆ ಎಂದು. ಏನು ಅಂತ ಮಾತ್ರ ಹೇಳಿರಲಿಲ್ಲ. ಟೈಪು ಎಲ್ಲ ಮುಗಿದಿತ್ತು. ಮುದ್ರಿಸುವುದೊಂದು ಬಾಕಿ. ಲ್ಯಾಪ್‌ಟಾಪು ಮಾತ್ರ ಬಹಳ ಸತಾಯಿಸುತ್ತಿದೆ, ಗುಂಡಿ ಒತ್ತಿ ರೊಟ್ಟಿಗೆ ಹಿಟ್ಟು ನಾದಿ ಬಂದರೂ ಇನ್ನೂ ಎದ್ದಿರುವುದಿಲ್ಲ ಎಂದು ಹೇಳಿದಳು. ಇದು ನನಗೆ ಆಹ್ವಾನ ಪತ್ರಿಕೆ ಇದ್ದಂತೆ. ಪೆನ್ ಡ್ರೈವು ಹೊರಗೆ ಬಂತು.

ಅವತ್ತು ನನ್ನ ಹುಮ್ಮಸ್ಸು ಸ್ವಲ್ಪ ಹೆಚ್ಚೇ ಇತ್ತು. ಬೇರೆಯವರ ಮನೆಯಲ್ಲಾದರೆ ಮೇಲುಮೇಲಿನ ನಾಲ್ಕು ಕೆಲಸಕ್ಕೆ ಗುರುತು ಹಾಕಿ ಮುಗಿಸುತ್ತಿದ್ದೆ. ಇದು ಚಿಗವ್ವನದು, ಪೂರ್ತಿ ಚಿಕಿತ್ಸೆ ಆಗಲಿ ಅಂತ ಇದ್ದಬದ್ದ ಎಲ್ಲ ಚೌಕಕ್ಕೂ ಗುರುತು ಹಾಕಿದೆ. ಬೇಡದ ಫೈಲು ತೆಗೆ, ಕಸದ ಬುಟ್ಟಿ ಖಾಲಿ ಮಾಡು, ಖಾಲಿಯಾದ ಜಾಗವನ್ನು ಮತ್ತೆ ಮತ್ತೆ ಒರೆಸು, ಕೊನೆಗೆ ಎಲ್ಲ ಜೋಡಿಸು. ಹಸಿರಾಗಲು ಮಧ್ಯಾಹ್ನವೆಲ್ಲ ಹಿಡಿಯಿತು. ಅಷ್ಟರಲ್ಲಿ ನಾನು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಒಂದು ನಿದ್ದೆಯನ್ನೂ ಮಾಡಿ ಎದ್ದೆ. ಡಿಸ್ಕಿನಲ್ಲಿ ಎಷ್ಟೊಂದು ಜಾಗ ಉಳಿಯಿತು ನೋಡು ಎಂದು ತೋರಿಸಿದೆ. ಚಿಗವ್ವ ಖುಷಿಯಾಗಿ ಶೇಂಗಾ ಉಂಡಿ ಕಟ್ಟಿಕೊಟ್ಟಳು. ಅವನ್ನು ಬಸ್ಸಿನಲ್ಲೇ ತಿಂದು ಮುಗಿಸಿದೆ.

ಮಂಗಳವಾರ ನಾನು ಲ್ಯಾಬಿನಲ್ಲಿದ್ದಾಗ ಅವಳ ಫೋನು ಬಂತು.

"ಬುಟ್ಟಿ ಖಾಲಿ ಅದಲ್ಲಪಾ. ನನ್ನ ವರ್ಷ ಎಲ್ಲಿ ಹೋದ್ವು?"

ಯಾವ ಬುಟ್ಟಿ ಎಂದು ಕೇಳಿದೆ.

ಅವಳು ವಿವರಿಸಿದಳು. ಪರದೆಯ ಮೂಲೆಯಲ್ಲಿ ಒಂದು ಬುಟ್ಟಿಯ ಚಿತ್ರ ಇದೆಯಲ್ಲ, ಒಂದೊಂದು ವರ್ಷದ್ದು ಟೈಪು ಮುಗಿದ ಹಾಗೆ ಆ ಫೈಲನ್ನು ಎಳೆದು ಅದರಲ್ಲಿ ಹಾಕುತ್ತ ಬಂದಿದ್ದಾಳೆ. ಅರ್ಧ ಆದದ್ದು ಹೊರಗೆ, ಪೂರ್ತಿ ಆದದ್ದು ಬುಟ್ಟಿಯಲ್ಲಿ. ಬೇಕಾದಾಗ ಹೊರಗೆ ಎಳೆದುಕೊಂಡು ನೋಡಿ, ಮತ್ತೆ ಒಳಗೆ ಹಾಕುತ್ತಿದ್ದಳು. ಬುಟ್ಟಿಯೊಳಗೇ ಅದನ್ನು ತೆರೆಯಲು ಬರುವುದಿಲ್ಲವಲ್ಲ, ಮೇಲೆ ಮುಚ್ಚಿ ಭದ್ರ ಮಾಡಿ ಇಡುತ್ತದೆ ಎಂದು ಅವಳಿಗೆ ಮತ್ತಷ್ಟು ನಂಬಿಕೆ ಬಂದಿತ್ತು. ಎರಡು ವರ್ಷದ ದುಡಿಮೆ ಪೂರ್ತಿ ಅಲ್ಲೇ ಇತ್ತು. ನಾನು ಅದನ್ನೇ ಖಾಲಿ ಮಾಡಿ, ಜಾಗ ಉಳಿಯಿತು ನೋಡು ಎಂದು ಅವಳಿಗೇ ತೋರಿಸಿ ಬಂದಿದ್ದೆ.

ಆಗ ನಾನು ಮಾಡಿದ್ದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ರೇಗಿದೆ. ಲೋಕದಲ್ಲಿ ಯಾರಾದರೂ ಕಸದ ಬುಟ್ಟಿಯಲ್ಲಿ ಕೆಲಸದ ಫೈಲು ಇಡುತ್ತಾರೆಯೇ ಎಂದು ಲ್ಯಾಬಿನ ಹುಡುಗರು ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ. ಓದಿದವಳು, ಓದಿಸುವವಳು, ಅಷ್ಟು ತಿಳಿಯಲಿಲ್ಲವೇ ಎಂದೆ. ಅವಳು ಒಂದನೇ ತರಗತಿಯವರಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಮಾಡಿ ಮುಗಿಸಿದ ರೊಟ್ಟಿ ಎಲ್ಲಿ ಇಡ್ತಾರಪಾ? ಬುಟ್ಟ್ಯಾಗ ಇಡ್ತಾರ. ಕಸ ಒಯ್ದು ತಿಪ್ಪಿಗೆ ಹಾಕ್ತಾರ. ಅದು ಕಸದ್ದು ಅಂತ ನೀ ನನಗ ಯಾವಾಗ ಹೇಳಿದಿ?"

ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಬುಟ್ಟಿ ಅಂದರೆ ರೊಟ್ಟಿಯದು. ಬಿದಿರಿನ ಅಗಲ ಬುಟ್ಟಿ, ಒಳಗೆ ಬಿಳಿ ಅರಿವೆ, ಬೆಳಗಿನಿಂದ ಬಡಿದ ರೊಟ್ಟಿಯೆಲ್ಲ ಅದರಲ್ಲಿ, ಮೇಲೊಂದು ಅರಿವೆ ಮುಚ್ಚಿಗೆ. ಬಂದವರಿಗೆ ಅದರಿಂದಲೇ ತೆಗೆದು ಕೊಡುವುದು. ಮನೆಯಲ್ಲಿ ಅಷ್ಟು ಮರ್ಯಾದೆಯ ಜಾಗ ದೇವರ ಮಾಡ ಬಿಟ್ಟರೆ ಇನ್ನೊಂದಿಲ್ಲ. ಟೈಪು ಕಲಿಸುವ ದಿನ ಅವಳಿಗೆ ಅಕ್ಷರ ಹೇಳಿಕೊಟ್ಟೆ, ಒತ್ತು ಹೇಳಿಕೊಟ್ಟೆ, ಮೂಲೆಯ ಆ ಚಿತ್ರ ಏನು ಅಂತ ಹೇಳಬೇಕು ಅನಿಸಲೇ ಇಲ್ಲ. ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಳ್ಳುವುದು ನನ್ನ ಹಳೇ ರೋಗ. ಆದರೂ ಅವತ್ತು ಫೋನಿನಲ್ಲಿ, ನೋಡೋಣ, ತೆಗೆಸೋಣ ಎಂದೆನೇ ಹೊರತು ಬೇರೆ ಮಾತು ಬಾಯಿಗೆ ಬರಲಿಲ್ಲ.

ಶನಿವಾರ ಚಿಗವ್ವ ಲ್ಯಾಪ್‌ಟಾಪನ್ನು ಕೈಚೀಲದಲ್ಲಿ ಹಾಕಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ರಾಯಚೂರಿಗೆ ಬಂದಳು. ಬಸ್ ನಿಲ್ದಾಣದಿಂದ ಆಟೋ ಹಿಡಿದು ತೀನ್ ಕಂದೀಲ್ ಹತ್ತಿರದ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದವರು, ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಕಂಪ್ಯೂಟರು. ನನ್ನ ಹಾಗೆ ಬಿರುದು ಇಟ್ಟುಕೊಂಡವರಲ್ಲ. ನಾನು ಮಾಡಿದ್ದನ್ನೆಲ್ಲ ಕೇಳಿಸಿಕೊಂಡರು, ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ ಬಹಳ ಹೊತ್ತು ನೋಡಿದರು. ನಾವು ಎರಡೆರಡು ಸಲ ಚಹಾ ಕುಡಿದೆವು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಬರೇ ಕಸಾ ಹೊಡದಿದ್ರ ಮೂಲ್ಯಾಗ ಏನರ ಸಿಗ್ತಿತ್ತು ಸರ್. ನೀವು ಕಸಾ ಹೊಡದು, ನೆಲಾ ಸಾರಿಸಿ, ಮ್ಯಾಲ ರಂಗೋಲಿನೂ ಹಾಕೀರಿ."

ಫೈಲು ಅಳಿಸಿದರೂ ಅದರ ಗುರುತು ಡಿಸ್ಕಿನ ಮೇಲೆ ಉಳಿದಿರುತ್ತದೆ, ಹುಡುಕಿ ತೆಗೆಯಬಹುದು. ನಾನು ಆ ಜಾಗವನ್ನೂ ಒರೆಸಿ, ಅದರ ಮೇಲೆ ಬೇರೆಯದನ್ನು ತಂದು ಸಾಲಾಗಿ ಕೂರಿಸಿದ್ದೆ. ಹಸಿರು ಪರದೆಯ ಸಂಭ್ರಮ ಅಂದರೆ ಇದೇ ಆಗಿತ್ತು. ನಾನು ಅಲ್ಲೂ ಸುಮ್ಮನಿರದೆ, ಈ ಸಾಫ್ಟ್‌ವೇರಿನವರು ಒರೆಸುವ ಮುಂಚೆ ಸರಿಯಾಗಿ ಕೇಳಬೇಕಿತ್ತು ಎಂದೆ. ಕೇಳಿರುತ್ತದೆ ಎಂದರು ಅವರು. ಕೇಳಿತ್ತು, ನಿಜ. ನಾನು ಓದದೆಯೇ 'ಹೂಂ' ಒತ್ತಿದ್ದೆ.

ಚಿಗವ್ವ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದಳು, ಇಂಥ ಸಾಫ್ಟ್‌ವೇರನ್ನು ಹಾಕಬೇಕೋ ಹಾಕಬಾರದೋ ಎಂದು. ಅವರು ಲ್ಯಾಪ್‌ಟಾಪನ್ನು ತಿರುಗಿಸಿ ತಳ ಬಿಚ್ಚಿ ತೋರಿಸಿದರು. ಗಾಳಿ ಬೀಸುವ ಫ್ಯಾನಿನ ತುಂಬ ಜೋಳದ ಹಿಟ್ಟು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಲ್ಯಾಪ್‌ಟಾಪು ನಿಧಾನವಾದದ್ದು ಈ ಹಿಟ್ಟಿನಿಂದ, ಮತ್ತೆ ಡಿಸ್ಕು ಮುದಿಯಾದದ್ದರಿಂದ ಎಂದರು. ಇದಕ್ಕೆ ಬೇಕಾದದ್ದು ಒಂದು ಬ್ರಶ್ಶು, ತಿರುಗುವ ಡಿಸ್ಕಿನ ಬದಲು ಈಗ ಬರುವ ತಿರುಗದ ಡಿಸ್ಕು. ಅದಕ್ಕೆ ಜೋಡಿಸುವ ಕೆಲಸವೇ ಬೇಡ. ಸಣ್ಣಪುಟ್ಟ ಕಸ ತೆಗೆಯುವುದನ್ನು ಕಂಪ್ಯೂಟರು ತಾನೇ ಮಾಡಿಕೊಳ್ಳುತ್ತದೆ, ಯಾರೂ ಹೊರಗಿನಿಂದ ಬಂದು ಮಾಡಬೇಕಾಗಿಲ್ಲ. ಹೀಗೆ ಹೇಳಿ ನನ್ನ ಪೆನ್ ಡ್ರೈವಿನ ಕಡೆ ನೋಡಿ ನಕ್ಕರು.

"ಇಂಥಾದ್ರಿಂದ ಫಾಯ್ದೆ ಆದದ್ದು ನನಗೊಬ್ಬಗ. ಇದನ್ನ ಹಾಕ್ಕೊಂಡವರು ಸೀದಾ ನನ್ನ ಅಂಗಡಿಗೇ ಬರ್ತಾರ."

ಚಿಗವ್ವ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು. ನನಗೆ ನಗು ಬರಲಿಲ್ಲ. ಅವರು ಇನ್ನೊಂದು ದಾರಿ ಹುಡುಕಿದರು: ಇವನ್ನು ಬೇರೆ ಎಲ್ಲಾದರೂ ಕೊಟ್ಟಿದ್ದಿರಾ, ಮುದ್ರಿಸಲು, ತೋರಿಸಲು? ಚಿಗವ್ವನಿಗೆ ಆಗ ನೆನಪಾಯಿತು. ಚೀಟಿ ಹೇಗೆ ಬರುತ್ತದೆ ನೋಡೋಣ ಅಂತ ಮೂರು ವರ್ಷದವನ್ನು ಒಂದು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ದೇವದುರ್ಗದ ಝೆರಾಕ್ಸ್ ಅಂಗಡಿಗೆ ಒಯ್ದಿದ್ದಳು. ಆಮೇಲೆ ಅಳಿಸಿದ್ದಳು. ಆ ಪೆನ್ ಡ್ರೈವು ಕೈಚೀಲದ ಒಳಜೇಬಿನಲ್ಲೇ ಬಸ್ಸಿನ ಟಿಕೀಟುಗಳ ನಡುವೆ ಇತ್ತು. ಅದೃಷ್ಟಕ್ಕೆ ಅದನ್ನು ನಾನು ಸ್ವಚ್ಛ ಮಾಡಿರಲಿಲ್ಲ.

ಅದರಿಂದ ಮೂರೂ ವರ್ಷ ಹೊರಬಂದವು. ಮೊದಲು ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಅವರು ಕನ್ನಡ ಫಾಂಟು ಆರಿಸಿ ಒತ್ತಿದೊಡನೆ ಒಂದು ಸಾಲು ಕನ್ನಡವಾಗಿ ನಿಂತಿತು. "ನಮ್ಮವ್ವ ಹತ್ತಿ ಬಿಡಸಾಕ ಹೋಗ್ಯಾಳ, ಹೊತ್ತು ಮುಳುಗಿದ ಮ್ಯಾಲ ಬರ್ತಾಳ." ಚಿಗವ್ವ ಆ ಸಾಲನ್ನು ಓದಿ, ಅದನ್ನು ಆಡಿದ ಹುಡುಗಿ ಯಾವ ಮೂಲೆಯಲ್ಲಿ ಕೂರುತ್ತಿದ್ದಳು ಎಂದು ಅಂಗಡಿಯವರಿಗೆ ಹೇಳತೊಡಗಿದಳು. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದರು. ಉಳಿದ ವರ್ಷಗಳು ಸಿಗಲಿಲ್ಲ.

ಸಿಗದ ವರ್ಷಗಳಲ್ಲಿ ನನ್ನದೂ ಒಂದು. ನನ್ನನ್ನು ಒಂದನೇ ತರಗತಿಗೆ ಸೇರಿಸಿದ್ದು ಮಸರಕಲ್ಲಿನಲ್ಲೇ, ಅಜ್ಜಿಯ ಮನೆಯಲ್ಲಿ ಇಟ್ಟು. ಚಿಗವ್ವ ಆಗ ಕೆಲಸಕ್ಕೆ ಹೊಸಬಳು. ನಾನು ತರಗತಿಯಲ್ಲಿ ಮೊದಲು ಏನು ಹೇಳಿದೆನೋ ನನಗೆ ಗೊತ್ತಿಲ್ಲ. ಎಷ್ಟು ಸಲ ಕೇಳಿದರೂ, ಬೀಳ್ಕೊಡುವ ದಿನ ಎಲ್ಲರ ಜೊತೆ ಸಾಲಿನಲ್ಲಿ ನಿಂತು ತಗೋ ಎನ್ನುತ್ತಿದ್ದಳು. ಅವತ್ತು ಅಂಗಡಿಯಿಂದ ಹೊರಗೆ ಬಂದಾಗ ನನಗೆ ಅದೇ ನೆನಪಾಯಿತು. ಆದರೂ ಅವಳನ್ನು ಬಸ್ಸು ಹತ್ತಿಸುವಾಗ ನಾನು ಆಡಿದ್ದು, ಹೊಸ ಡಿಸ್ಕು ನಾನೇ ಹಾಕಿಸಿಕೊಡುತ್ತೇನೆ ಎಂಬ ಮಾತನ್ನಷ್ಟೇ. ಅವಳು ಆಗಲಿ ಎಂದಳು.

ಬೀಳ್ಕೊಡುವ ದಿನ ಮಸರಕಲ್ಲಿನ ಶಾಲೆಯ ಅಂಗಳದಲ್ಲಿ ಪೆಂಡಾಲು. ನಾನು ಬೆಳಿಗ್ಗೆಯೇ ಹೋಗಿ ಕುರ್ಚಿ ಹಾಕಿಸುತ್ತ, ಮೈಕು ಊದಿ ನೋಡುತ್ತ, ಬೇಕಾದ್ದಕ್ಕಿಂತ ಹೆಚ್ಚು ಓಡಾಡಿದೆ. ಹಳೆಯ ವಿದ್ಯಾರ್ಥಿಗಳು ನಾನು ಅಂದುಕೊಂಡದ್ದಕ್ಕಿಂತ ಬಹಳ ಜನ ಬಂದಿದ್ದರು. ಒಬ್ಬ ಕಂಡಕ್ಟರ್ ಡ್ಯೂಟಿಯ ಅಂಗಿಯಲ್ಲೇ ಬಂದಿದ್ದ. ಒಬ್ಬಳು ರಾಯಚೂರಿನಲ್ಲಿ ನರ್ಸು, ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡವಳು. ತಲೆ ನೆರೆಯತೊಡಗಿದ ಕೆಲವರು ತಾವು ಕೂತಿದ್ದ ಜಾಗ ಇದೇ ಎಂದು ತರಗತಿಯ ಗೋಡೆಗೆ ಕೈ ಹಚ್ಚಿ ತೋರಿಸುತ್ತಿದ್ದರು. ಎಲ್ಲರಿಗೂ ಒಂದೇ ಕುತೂಹಲ, ಟೀಚರ್ ನಮಗೆ ಕೊಡುವುದೇನು?

ಶಾಲು, ಹಾರ, ಭಾಷಣ ಎಲ್ಲ ಆದ ಮೇಲೆ ಚಿಗವ್ವ ಮೈಕಿನ ಮುಂದೆ ನಿಂತಳು. ನಾನು ಪೆಂಡಾಲಿನ ಕಂಬದ ಮರೆಗೆ ಸರಿದೆ. ಈಗ ನನ್ನ ಹೆಸರು ಬರುತ್ತದೆ ಎಂದು ನನಗೆ ಗೊತ್ತಿತ್ತು. ಬರಬೇಕಾದದ್ದೇ ನ್ಯಾಯ. ಅವಳು ಮಾತುಗಳನ್ನು ಬರೆದಿಡುತ್ತಿದ್ದ ಸಂಗತಿ ಹೇಳಿದಳು. ಜನ ಬೆರಗಾಗಿ ಕೇಳಿದರು. ಆಮೇಲೆ ಹೇಳಿದಳು:

"ಮೂರು ವರ್ಷದ್ದು ಅದಾವ. ಉಳದಿದ್ದೆಲ್ಲ ಕಳಕೊಂಡೀನಿ. ನಿಮ್ಮದು ನನ್ನ ಹತ್ರ ಇತ್ತು, ನಾ ಕಳಕೊಂಡೀನಿ."

ಅಷ್ಟೇ. ಲ್ಯಾಪ್‌ಟಾಪಿನ ಮಾತಿಲ್ಲ, ನನ್ನ ಮಾತಿಲ್ಲ. ಯಾರೂ ಕಂಬದ ಕಡೆ ತಿರುಗಿ ನೋಡಲಿಲ್ಲ. ಎಲ್ಲರೆದುರು ಬೈದಿದ್ದರೆ ನಾನು ಎಂದಿನಂತೆ ಏನಾದರೂ ಸಬೂಬು ಹೇಳಿ ಉಳಿದುಕೊಳ್ಳುತ್ತಿದ್ದೆ. ಅವಳು ಅದಕ್ಕೂ ಜಾಗ ಕೊಡಲಿಲ್ಲ.

ಮೂರು ವರ್ಷದವರು ಬಂದು ಚೀಟಿ ತೆಗೆದುಕೊಂಡು ಹೋದರು. ಓದಿ ನಕ್ಕರು, ಒಬ್ಬಿಬ್ಬರು ಓದಿ ದೂರ ಹೋಗಿ ನಿಂತರು. ಉಳಿದವರಲ್ಲಿ ಕೆಲವರ ಮಾತು ಚಿಗವ್ವನಿಗೆ ಬಾಯಲ್ಲೇ ಇತ್ತು. ಕಂಡಕ್ಟರನನ್ನು ನೋಡಿದ ಕೂಡಲೇ, ನೀನು ಬಾಗಿಲು ಎಷ್ಟು ಅಂತ ಕೇಳಿದವನಲ್ಲವೇ ಅಂದಳು. ಆದರೆ ಬಹಳ ಜನರ ಮುಖ ನೋಡಿ ನೋಡಿ ಸುಮ್ಮನಾದಳು. ಕೂಸು ಎತ್ತಿಕೊಂಡವಳ ಕೈ ಹಿಡಿದು ಎಷ್ಟೋ ಹೊತ್ತು ನಿಂತಳು, ನೆನಪಾಗಲಿಲ್ಲ. ಇರಲಿ ಬಿಡ್ರಿ ಟೀಚರ್ ಅಂದಳು ಅವಳು. ಚಿಗವ್ವ ಬಿಡಲಿಲ್ಲ. ಮೇಜಿನ ಮೇಲೆ ಹೊಸದೊಂದು ನೋಟ್‌ಬುಕ್ಕು ತೆರೆದು ಕೂತು, ಪೆನ್ನಿನ ಮುಚ್ಚಳ ತೆಗೆದು, ಹಳೇದು ಹೋಯಿತು, ಇವತ್ತು ಒಂದು ಮಾತು ಹೇಳಿ, ಬರೆದುಕೊಳ್ಳುತ್ತೇನೆ ಎಂದಳು.

ಸಾಲು ನಿಂತಿತು. ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗಿ ವ್ಯಾಪಾರ ಮಾಡುವವರು, ಬಸ್ಸು ತುಂಬ ಜನರನ್ನು ಗದರಿಸುವವರು ಆ ಮೇಜಿನ ಮುಂದೆ ಬಂದು ಮಾತೇ ಹೊರಡದೆ ಬೆರಳು ಮುರಿಯುತ್ತ ನಿಂತರು. ಚಿಗವ್ವ ಅವಸರ ಮಾಡಲಿಲ್ಲ. ಒಬ್ಬೊಬ್ಬರೂ ತಾವಾಗಿ ಬಾಯಿ ಬಿಡುವವರೆಗೆ ಕಾದಳು, ಬಿಟ್ಟ ಮೇಲೆ ಬರೆದಳು. ಮಧ್ಯಾಹ್ನದ ಊಟ ಆರಿಹೋಯಿತು.

ಕೊನೆಯಲ್ಲಿ ನಾನು ಉಳಿದೆ. ಸಾಲಿನಲ್ಲಿ ನಿಲ್ಲಬೇಕೆಂದು ನಿಂತವನಲ್ಲ, ಕುರ್ಚಿ ಎತ್ತಿಡಲು ಹೋದವನು. ಚಿಗವ್ವ ತಲೆ ಎತ್ತಿ ನೋಡಿದಳು. ನನ್ನ ಮಾತು ಏನಿತ್ತು ಎಂದು ಕೇಳಿದೆ. ಅವಳು ಪೆನ್ನು ಹಿಡಿದುಕೊಂಡೇ ನೆನಪು ಮಾಡಿಕೊಳ್ಳಲು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಈ ಒಂದು ತಿಂಗಳಲ್ಲಿ ನಾನು ನೋಡಿದ್ದು ಆಗಲೇ.

"ನಿಂದು ನೆನಪಿಲ್ಲಪಾ. ಮನೀ ಹುಡುಗ, ಇವಂದು ಮರೀತೀನೇನು ಅಂತ ತಿಳಿದಿದ್ದೆ."

ಅವಳು ಹಾಳೆಯ ಮೇಲೆ ನನ್ನ ಹೆಸರು ಬರೆದು ಕಾದಳು. ಪೆಂಡಾಲು ಬಿಚ್ಚುವವರು ಹಗ್ಗ ಸಡಿಲಿಸುತ್ತಿದ್ದರು. ಬುಟ್ಟಿಯ ಚಿತ್ರ, ಸಾಫ್ಟ್‌ವೇರು, ಹಳೇ ಡಿಸ್ಕು, ಏನೇನೋ ತಲೆಯಲ್ಲಿ ಬಂದವು, ಒಂದೂ ನಾಲಗೆಯ ಮೇಲೆ ನಿಲ್ಲಲಿಲ್ಲ.

"ತಪ್ಪಾತು ಚಿಗವ್ವ" ಅಂದೆ.

ಕೇಳಿಸಲಿಲ್ಲ, ಜೋರಾಗಿ ಹೇಳು ಅಂದಳು. ಮತ್ತೊಮ್ಮೆ ಹೇಳಿದೆ, ಹಗ್ಗ ಹಿಡಿದವರು ತಿರುಗಿ ನೋಡಿದರು. ಅವಳು ತಲೆ ಬಗ್ಗಿಸಿ ಅದನ್ನು ನನ್ನ ಹೆಸರಿನ ಮುಂದೆ ದುಂಡಗೆ ಬರೆದಳು.